9×9 ಪಿಲ್ಲರ್ ಸಾಕಾ, 9×12 ಬೇಕಾ? ಹಾಸನದಲ್ಲಿ ಮನೆ ಕಟ್ಟಿದವರು ಹೇಳಿ

ವಿದ್ಯಾನಗರದ ಮೇಷ್ಟ್ರು:
ಹಾಸನದಲ್ಲಿ 10 ಚದರದ ಮನೆ ಶುರು ಮಾಡುತ್ತಿದ್ದೇನೆ. ಮುಂದೆ ಮೇಲೊಂದು ಅಂತಸ್ತಿನ ಆಸೆ. ಎಂಜಿನಿಯರ್ ಡ್ರಾಯಿಂಗ್‌ನಲ್ಲಿ ಪಿಲ್ಲರ್ 9×12 ಇಂಚು, ಆರು ಕಂಬಿ, ಕಾಂಕ್ರೀಟ್ 1:1.5:3 (ಸಿಮೆಂಟ್, ಮರಳು, ಜಲ್ಲಿ). ಮೇಸ್ತ್ರಿ ನೋಡಿ ನಕ್ಕುಬಿಟ್ಟರು. "ನಿಮ್ಮಪ್ಪನ ಮನೆಗೆ 9×9 ಹಾಕಿ, 1:2:4ರಲ್ಲಿ ಮೋಲ್ಡ್ ಹಾಕಿದ್ದು ನಾನೇ. ಬಿದ್ದಿದೆಯಾ? ಹೊಸ ರೂಲ್ಸ್ ಹೆಸರಲ್ಲಿ ಸುಮ್ನೆ ದುಡ್ಡು ಕೀಳ್ತಾರೆ" ಅನ್ನುತ್ತಾರೆ. ರೂಲ್ಸ್‌ನಿಂದ ನಿಜವಾಗಿ ಎಷ್ಟು ಜಾಸ್ತಿ ಆಗುತ್ತದೆ?

ಕಂಬಿ ಕಟ್ಟಿದವನು:
ಮೇಷ್ಟ್ರೇ, ನಾನು ಕಂಬಿ ಕಟ್ಟುತ್ತಾ ಬೆಳೆದು ಈಗ ಸಣ್ಣಪುಟ್ಟ ಕಂಟ್ರಾಕ್ಟ್ ಮಾಡುವವನು. ನಿಮ್ಮ ಮೇಸ್ತ್ರಿ ಸುಳ್ಳು ಹೇಳಿಲ್ಲ. 1978ರ ಕಾಂಕ್ರೀಟ್ ಕೋಡ್ ಐಎಸ್ 456ರಲ್ಲಿ ಎಂ15 ಗ್ರೇಡ್, ಅಂದರೆ 1:2:4, ನಡೆಯುತ್ತಿತ್ತು. 2000ದಲ್ಲಿ ತಿದ್ದಿ, ಆರ್‌ಸಿಸಿಗೆ ಕನಿಷ್ಠ ಎಂ20, ಅಂದರೆ 1:1.5:3, ಬೇಕು ಅಂದರು. ಇನ್ನೂ ಅದನ್ನು ಹೊಸ ರೂಲ್ ಅನ್ನುತ್ತಾರಲ್ಲ, ಅದಕ್ಕೆ ನನಗೆ ನಗು.

ಲೆಕ್ಕ ಹಾಕೋಣ. 10 ಚದರಕ್ಕೆ 5 ಇಂಚು ಮೋಲ್ಡ್ ಅಂದರೆ 12 ಕ್ಯೂಬಿಕ್ ಮೀಟರ್ ಹತ್ತಿರ. ಕ್ಯೂಬಿಕ್ ಮೀಟರಿಗೆ 1:2:4ರಲ್ಲಿ ಆರೂಕಾಲು ಮೂಟೆ ಸಿಮೆಂಟ್, 1:1.5:3ರಲ್ಲಿ ಎಂಟು. ವ್ಯತ್ಯಾಸ ಸುಮಾರು 20 ಮೂಟೆ. ಮೂಟೆಗೆ 400 ಅಂತಿಟ್ಟುಕೊಂಡರೂ 8,000 ರೂಪಾಯಿ. ಸಿಮೆಂಟಿನ ಜಿಎಸ್‌ಟಿ ಬೇರೆ 2025ರ ಸೆಪ್ಟೆಂಬರ್‌ನಲ್ಲಿ 28ರಿಂದ 18ಕ್ಕೆ ಇಳಿದಿದೆ. ಗೃಹಪ್ರವೇಶದ ಊಟಕ್ಕೆ ಇದರ ಎಷ್ಟೋ ಪಟ್ಟು ಹೋಗುತ್ತದೆ, ಬಿಡಿ.

ಇನ್ನು ಪಿಲ್ಲರ್. ಕೋಡ್ ಪ್ರಕಾರ ಪಿಲ್ಲರಿನ ಅಡ್ಡಕೊಯ್ತದ ವಿಸ್ತೀರ್ಣದ 0.8% ಕಂಬಿ ಇರಲೇಬೇಕು. 9×9ಕ್ಕೆ 12 ಎಂಎಂದು ನಾಲ್ಕು ಸಾಕು. 9×12ಕ್ಕೆ ನಾಲ್ಕು ಸಾಲದು, ಆರು ಬೇಕು. ಖರ್ಚು ಏರುವುದು ಅಲ್ಲಿ. ಆದರೂ ನಾನು 9×9 ಹಾಕುವುದಿಲ್ಲ. ಎರಡೂ ಕಡೆ 40 ಎಂಎಂ ಕವರ್ (ಕಂಬಿಯ ಹೊರಗಿನ ಕಾಂಕ್ರೀಟ್ ಪದರ) ಬಿಟ್ಟರೆ ಒಳಗೆ ಉಳಿಯುವುದು 6 ಇಂಚು. ಅದರಲ್ಲೇ ಬೀಮಿನ ಕಂಬಿ ತೂರಿಸಬೇಕು, ಜಲ್ಲಿನೂ ಇಳಿಯಬೇಕು. ಇಳಿಯುವುದಿಲ್ಲ. ಸೆಂಟ್ರಿಂಗ್ ಬಿಚ್ಚಿದಾಗ ಜಾಯಿಂಟ್‌ನಲ್ಲಿ ಜಲ್ಲಿ ಹಲ್ಲು ಕಿರಿಯುತ್ತಿರುತ್ತದೆ. ರಾತ್ರೋರಾತ್ರಿ ಗಾರೆ ಮೆತ್ತಿ ಮುಚ್ಚುತ್ತಾರೆ.

ಸಕಲೇಶಪುರದವಳು:
ಮಂಗಳೂರಲ್ಲಿ ನಮ್ಮಣ್ಣನ ಮನೆಗೆ 12 ಇಂಚು ಕಡ್ಡಾಯ ಅಂದರು. ಇಲ್ಲಿಗೆ ಇಲ್ವಾ?

ಕಂಬಿ ಕಟ್ಟಿದವನು:
ಇಲ್ಲ ಮೇಡಂ. ಮಂಗಳೂರು ಭೂಕಂಪ ವಲಯ 3. ಅಲ್ಲಿಗೆ ಭೂಕಂಪದ ಕೋಡ್ ಐಎಸ್ 13920 ಅನ್ವಯಿಸುತ್ತದೆ, 2016ರಲ್ಲಿ ಅದು ಪಿಲ್ಲರ್ ಕನಿಷ್ಠ 300 ಎಂಎಂ ಅಂದಿತು. ಹಾಸನ ವಲಯ 2. ಆದರೆ ನಿಮ್ಮ ಕಡೆ ಮಳೆ ನೋಡಿಕೊಳ್ಳಿ. ನೆನೆಯುವ ಸಜ್ಜಾಕ್ಕೆ ಐಎಸ್ 456 ಕನಿಷ್ಠ ಎಂ25, 30 ಎಂಎಂ ಕವರ್ ಕೇಳುತ್ತದೆ. ಯಾವುದಾದರೂ ಹಳೆ ಸಜ್ಜಾದ ಕೆಳಗೆ ನಿಂತು ತಲೆ ಎತ್ತಿ, ತುಕ್ಕು ಹಿಡಿದ ಕಂಬಿ ಕಾಣುತ್ತದೆ.

ಬಿ.ಎಂ. ರಸ್ತೆ ಪಕ್ಕದವ:
ಪಿಲ್ಲರಿಗಿಂತ ಸೆಟ್‌ಬ್ಯಾಕ್ (ಮನೆ ಸುತ್ತ ಬಿಡಬೇಕಾದ ಖಾಲಿ ಜಾಗ) ನೋಡಿ ಸರ್. ಪ್ಲಾನ್ ಪ್ರಕಾರ ಕಟ್ಟಿ ಮುಗಿಸಿದ ಸರ್ಟಿಫಿಕೇಟ್ (ಸಿಸಿ/ಒಸಿ) ಇಲ್ಲದೆ ಕರೆಂಟ್, ನೀರು ಕೊಡಬೇಡಿ ಅಂತ ಸುಪ್ರೀಂ ಕೋರ್ಟ್ 2024ರ ಡಿಸೆಂಬರ್ 17ರಂದು ಹೇಳಿದೆ. ನಿಮ್ಮ ಅಳತೆಯ ಸೈಟಿಗೆ ವಿನಾಯಿತಿ ಇದೆಯಾ ಅಂತ ಪಾಯ ತೆಗೆಯುವ ಮೊದಲೇ ಕೇಳಿ. ಎರಡಡಿ ಜಾಸ್ತಿ ಕಟ್ಟಿ ಆಮೇಲೆ ಒಡೆಯುವ ಖರ್ಚು ಯಾವ ಎಸ್ಟಿಮೇಟ್‌ನಲ್ಲೂ ಇರುವುದಿಲ್ಲ.

ವಿದ್ಯಾನಗರದ ಮೇಷ್ಟ್ರು:
ಸರಿ, 9×12 ಹಾಕಿಸುತ್ತೇನೆ. ಆದರೆ ಮೇಸ್ತ್ರಿ ಹಿರಿಯರು, ಅವರಿಗೆ ಹೇಗೆ ಹೇಳುವುದು?

ಕಂಬಿ ಕಟ್ಟಿದವನು:
ಏನೂ ಹೇಳಬೇಡಿ. ಮೋಲ್ಡ್ ದಿನ ಮಿಕ್ಸರ್ ಪಕ್ಕ ಕುರ್ಚಿ ಹಾಕಿ ಕೂತುಕೊಳ್ಳಿ. ಮೂಟೆಗೆ 27 ಲೀಟರ್ ನೀರು ದಾಟಬಾರದು. ಎಂ ಸ್ಯಾಂಡ್ ಒದ್ದೆ ಇದ್ದರೆ ಇನ್ನೂ ಕಮ್ಮಿ.