‘ರೈಟ್ ಟು ಪ್ರೈವೆಸಿ’: ಗೋಪ್ಯತೆಯ ಹಕ್ಕೋ, ಖಾಸಗಿತನದ ಹಕ್ಕೋ?

ನಿಮ್ಮ ಫಲಕದಲ್ಲಿ ‘ರೈಟ್ ಟು ಪ್ರೈವೆಸಿ’ಗೆ ಕನ್ನಡದಲ್ಲಿ ಏನು ಬರೆಸಬೇಕು ಅಂತ ಕೇಳಿದ್ದೀರಿ, ಅದು ನಾಳೆಯೇ ಅಚ್ಚಿಗೆ ಹೋಗಬೇಕು ಅಂದಿದ್ದೀರಿ. ಹಾಗಾಗಿ ಉತ್ತರ ಮೊದಲು: ‘ಖಾಸಗಿತನದ ಹಕ್ಕು’ ಅಂತ ಬರೆಸಿ. ‘ಗೋಪ್ಯತೆಯ ಹಕ್ಕು’ ಬೇಡ. ಪತ್ರಿಕೆಗಳಲ್ಲಿ ಎರಡೂ ಕಾಣುತ್ತವೆ, ನಿಜ. ಅಷ್ಟಕ್ಕೇ ಎರಡೂ ಒಂದೇ ಆಗುವುದಿಲ್ಲ.

ಗೋಪ್ಯತೆಗೆ ಸಂವಿಧಾನದಲ್ಲಿ ಆಗಲೇ ಬೇರೆ ಕೆಲಸವಿದೆ. ಮಂತ್ರಿಗಳು ಅಧಿಕಾರದ ಜೊತೆ ಗೋಪ್ಯತೆಯ ಪ್ರಮಾಣವನ್ನೂ ಸ್ವೀಕರಿಸುತ್ತಾರೆ. ಮೂರನೇ ಅನುಸೂಚಿಯಲ್ಲಿ ಅದರ ಒಕ್ಕಣೆ ಇದೆ. ಅಲ್ಲಿ ಗೋಪ್ಯತೆ ಅಂದರೆ ತಿಳಿದದ್ದನ್ನು ಹೊರಗೆ ಬಿಡಬಾರದು ಎಂಬ ಕಟ್ಟುಪಾಡು. ಅದು ಹೊಣೆ, ಹಕ್ಕಲ್ಲ.

1962ರ ಖರಕ್ ಸಿಂಗ್ ಮೊಕದ್ದಮೆಯನ್ನೇ ನೋಡಿ. ಡಕಾಯಿತಿ ಆರೋಪದಲ್ಲಿ ಹಿಡಿದು, ಸಾಕ್ಷ್ಯವಿಲ್ಲದೆ ಬಿಟ್ಟ ಮನುಷ್ಯ ಅವನು. ಆದರೂ ಉತ್ತರ ಪ್ರದೇಶದ ಪೊಲೀಸರು ಅವನ ಹೆಸರಲ್ಲಿ ಹಿಸ್ಟರಿ ಶೀಟ್, ಅಂದರೆ ಅನುಮಾನವಿರುವವರ ಮೇಲೆ ಕಣ್ಣಿಡುವ ದಾಖಲೆ, ತೆರೆದರು. ಮನೆಯ ಮೇಲೆ ಗುಟ್ಟಾಗಿ ಕಾವಲಿಡಲು, ರಾತ್ರಿ ಹೊತ್ತು ಮನೆಗೇ ಬರಲು ಅವರ ನಿಯಮದಲ್ಲಿ ಅವಕಾಶವಿತ್ತು. ಈಗ ಹೇಳಿ, ಇಲ್ಲಿ ಗುಟ್ಟು ಯಾರದು? ಪೊಲೀಸರದು! ಅವನು ಕೇಳಿದ್ದು ತನ್ನ ಮನೆಯಲ್ಲಿ ನೆಮ್ಮದಿಯಾಗಿ ಮಲಗುವುದನ್ನು. ಅದನ್ನು ‘ಗೋಪ್ಯತೆ’ ಅಂದ ಕೂಡಲೇ, ಏನೋ ಮುಚ್ಚಿಡುತ್ತಿದ್ದಾನೆ ಎಂಬ ಅನುಮಾನ ಅವನ ಮೇಲೇ ಬೀಳುತ್ತದೆ. ಬಚ್ಚಿಡಲು ಏನೂ ಇಲ್ಲದವರಿಗೆ ಈ ಹಕ್ಕು ಯಾಕೆ ಅಂತ ಕೇಳುವವರಿಗೆ ನಾವೇ ಪದ ಒದಗಿಸಿದ ಹಾಗೆ. ನನ್ನ ತಕರಾರು ಇರುವುದು ಮುಖ್ಯವಾಗಿ ಇಲ್ಲೇ. ಸುಪ್ರೀಂ ಕೋರ್ಟಿನ ಅಂದಿನ ಬಹುಮತದ ತೀರ್ಪು ರಾತ್ರಿಯ ಭೇಟಿಗಳನ್ನು ರದ್ದು ಮಾಡಿತು. ಆದರೆ ಪ್ರೈವೆಸಿ ಮೂಲಭೂತ ಹಕ್ಕಲ್ಲ ಅಂದಿತು.

ಆ ಮಾತನ್ನು 2017ರ ಆಗಸ್ಟ್ 24ರಂದು ಪುಟ್ಟಸ್ವಾಮಿ ಪ್ರಕರಣದಲ್ಲಿ ಅದೇ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ತಳ್ಳಿಹಾಕಿದರು. ಅರ್ಜಿದಾರರಾದ ಪುಟ್ಟಸ್ವಾಮಿ ಅವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ದೇಹ, ಮಾಹಿತಿ, ಬದುಕಿನ ಆಯ್ಕೆಗಳು ಎಲ್ಲವೂ ಈ ಹಕ್ಕಿನೊಳಗೆ ಬಂದವು. ಮದುವೆಯನ್ನೇ ತಗೊಳ್ಳಿ. ಅದು ಊರಿಗೆಲ್ಲ ಗೊತ್ತಾಗಿಯೇ ನಡೆಯುತ್ತದೆ. ಯಾರನ್ನು ಆಗಬೇಕು ಎಂಬ ತೀರ್ಮಾನ ಮಾತ್ರ ನನ್ನದು. ಇದರಲ್ಲಿ ಗೋಪ್ಯ ಏನಿದೆ?

‘ಏಕಾಂತ’ ಸೂಚಿಸಿದವರಿಗೆ: ಆಗುವುದಿಲ್ಲ. ಜನರ ನಡುವೆ ಇದ್ದರೂ ಈ ಹಕ್ಕು ಹೋಗುವುದಿಲ್ಲ ಅಂತ ಅದೇ ತೀರ್ಪಿನಲ್ಲಿದೆ. ‘ಒಳಗುಟ್ಟು’ ಅಚ್ಚಗನ್ನಡ ಇರಬಹುದು, ದೋಷ ಮಾತ್ರ ಗೋಪ್ಯತೆಯದ್ದೇ.

ಇನ್ನು ‘ಖಾಸಗಿ’ ಪರದೇಶದ್ದು ಎಂಬ ಆಕ್ಷೇಪ. ಸ್ವಾಮಿ, ‘ಹಕ್ಕು’ ಎಲ್ಲಿಂದ ಬಂತು? ಅದೂ ಅರಬ್ಬಿಯದೇ. ಕಾನೂನು, ವಕೀಲ, ಎಲ್ಲವೂ ಆ ಕಡೆಯವೇ. ಪದದ ಅರ್ಧ ಭಾಗಕ್ಕೆ ಮಾತ್ರ ಮಡಿ ಯಾಕೆ? ಗೋಪ್ಯತೆ ತಾನೇ ಕನ್ನಡದ ಬೇರಿನದಾ? ಅರಬ್ಬಿಯ ‘ಖಾಸ್’ ಅಂದರೆ ವಿಶೇಷವಾದದ್ದು, ‘ಆಮ್’ ಅಲ್ಲದ್ದು, ಎಲ್ಲರದೂ ಅಲ್ಲದ್ದು. ನಮ್ಮಲ್ಲಿ ‘ಖಾಸಾ ತಮ್ಮ’ ಅಂದರೆ ಒಡಹುಟ್ಟಿದ ತಮ್ಮ. ಅಂದರೆ ಪದದ ಜೀವ ಇರುವುದು ‘ಸ್ವಂತ’ ಎಂಬಲ್ಲಿ, ಮುಚ್ಚಿಡುವುದರಲ್ಲಿ ಅಲ್ಲ. ಅದಕ್ಕೆ ಬಡತನ, ಒಳ್ಳೆತನದ ‘ತನ’ ಸೇರಿದೆ. ಇದಕ್ಕಿಂತ ಜಾಸ್ತಿ ಕನ್ನಡ ಹೇಗೆ ಆಗಬೇಕು? ಖಾಸಗಿ ಬಸ್ಸು, ಖಾಸಗಿ ಶಾಲೆ ನೆನಪಾಗುತ್ತದೆ ಎಂಬ ಅಂಜಿಕೆಯೂ ಬೇಡ. ಆ ಅರ್ಥಕ್ಕೆ ‘ಖಾಸಗೀಕರಣ’ ಬೇರೆ ಇದೆ, ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ.

ನಿಮ್ಮ ಎರಡನೇ ಸಾಲಿನ ‘ಇನ್ಫರ್ಮೇಷನಲ್ ಪ್ರೈವೆಸಿ’ಗೆ ‘ಮಾಹಿತಿಯ ಖಾಸಗಿತನ’ ಸಾಕು. ‘ಕಾನ್ಫಿಡೆನ್ಶಿಯಲ್’ ಅಂತ ಎಲ್ಲಾದರೂ ಬಂದಿದ್ದರೆ, ಅಲ್ಲಿ ಧಾರಾಳವಾಗಿ ‘ಗೋಪ್ಯ’ ಹಾಕಿ.