ಸಹಾಯ ಬೇಕು: ವಾಟ್ಸಾಪ್ ಸುದ್ದಿ ನಿಜವೋ ಸುಳ್ಳೋ ಪತ್ತೆ ಹಚ್ಚೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮೂರಿನ ಸ್ವಸಹಾಯ ಸಂಘದ ಹೆಂಗಸರಿಗೆ ಸುದ್ದಿಯ ಸತ್ಯಾಸತ್ಯ ನೋಡೋದನ್ನು ಹೇಳಿಕೊಡಬೇಕು ಅಂತಿದ್ದೇನೆ. ತಿಳಿದವರು ದಯವಿಟ್ಟು ದಾರಿ ತೋರಿಸಿ.

ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಮೆಸೇಜ್ ಮತ್ತೆ ಓಡಾಡುತ್ತಿದೆ. ನನಗೆ ಭಯ ಆಗೋದು ಇದಕ್ಕೇ. 2018ರಲ್ಲಿ ಇಂಥದ್ದೇ ವದಂತಿಗೆ ಬೆಂಗಳೂರಿನ ಚಾಮರಾಜಪೇಟೆಯಲ್ಲಿ, ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಅಮಾಯಕರ ಜೀವ ಹೋಯಿತು. ಆಗ ಹರಿದಾಡಿದ, ಬೈಕಿನಲ್ಲಿ ಬಂದವರು ಮಗುವನ್ನು ಎತ್ತಿಕೊಂಡು ಹೋಗುವ ವಿಡಿಯೊ ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಮಾಡಿದ ಜಾಹೀರಾತು! ಕೊನೆಯಲ್ಲಿ ಮಗುವನ್ನು ವಾಪಸ್ ಬಿಡುತ್ತಾರೆ. ಆ ಭಾಗವನ್ನೇ ಯಾರೋ ಕತ್ತರಿಸಿದ್ದರು.

ಫೋಟೊ ಆದರೆ ಗೂಗಲ್ ಲೆನ್ಸ್‌ನಲ್ಲಿ ಹಾಕಿ, ಮೊದಲು ಎಲ್ಲಿ ಬಂದಿತ್ತು ಅಂತ ಹುಡುಕುತ್ತೇನೆ. ಮೆಸೇಜ್ ಮೇಲೆ ಎರಡು ಬಾಣದ ಗುರುತು ಇದ್ದರೆ ತುಂಬಾ ಕೈ ದಾಟಿ ಬಂದಿದೆ ಅಂತಲೂ ಗೊತ್ತು. ಆದರೆ ವಿಡಿಯೊಗೆ ಏನು ಮಾಡೋದು? ಸ್ಕ್ರೀನ್‌ಶಾಟ್ ತೆಗೆದು ಹುಡುಕಿದರೆ ಸಾಕಾ? ಆಡಿಯೊ ಮಾತ್ರ ಬಂದರೆ?

ಟಿವಿ ಚಾನೆಲ್ ಲೋಗೊ ಹಾಕಿದ ನಕಲಿ ಸುದ್ದಿ ಕಾರ್ಡ್‌ಗಳದ್ದು ಇನ್ನೂ ಕಷ್ಟ. ದಿನಾಂಕ ಇರೋದಿಲ್ಲ, ಊರಿನ ಹೆಸರೂ ಇರೋದಿಲ್ಲ, ಆದರೂ ಲೋಗೊ ನೋಡಿ ನಂಬಿಬಿಡುತ್ತಾರೆ, ಅಲ್ವಾ?

ಕನ್ನಡದಲ್ಲೇ ಫ್ಯಾಕ್ಟ್ ಚೆಕ್ ಮಾಡುವ ನಂಬಿಕಸ್ಥ ತಾಣಗಳಿದ್ದರೆ ತಿಳಿಸಿ. ಇನ್ನೊಂದು ಮಾತು. ಮನೆಯ ಹಿರಿಯರು ಕಳಿಸಿದ್ದು ಸುಳ್ಳು ಅಂತ ಗುಂಪಿನಲ್ಲೇ ಹೇಳಿದರೆ ನೊಂದುಕೊಳ್ಳುತ್ತಾರೆ. ನೀವು ಹೇಗೆ ಹೇಳುತ್ತೀರಿ?