ಖಾರ ಬಿಸ್ಕತ್ತು ಗರಿಗರಿ ಆಗ್ತಿಲ್ಲ, ಎಲ್ಲಿ ತಪ್ಪುತ್ತಿದೆ?

ಮೂಡಿಗೆರೆ ಅಡುಗೆಮನೆ:
ಮೈದಾ 250 ಗ್ರಾಂ, ಮನೆಯಲ್ಲಿ ಕಡೆದ ಬೆಣ್ಣೆ 125 ಗ್ರಾಂ, ಮೊಸರು ಕಾಲು ಲೋಟ, ರುಬ್ಬಿದ ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ. ಓಟಿಜಿಯಲ್ಲಿ (ಮನೆಯ ಪುಟ್ಟ ಕರೆಂಟ್ ಓವನ್) 200 ಡಿಗ್ರಿ, 15 ನಿಮಿಷ. ಮೇಲೆ ಕೆಂಪಗಾಗುತ್ತೆ, ಒಳಗೆ ಮೆತ್ತಗೇ ಇರುತ್ತೆ. ಏನು ಬದಲಾಯಿಸಲಿ?

ಹಾಸನದ ಒಲೆ:
ನಿಮ್ಮ ಹಿಟ್ಟಿನಲ್ಲಿ ನೀರು ಜಾಸ್ತಿ ಮೇಡಂ. ಮನೆ ಬೆಣ್ಣೆಯಲ್ಲಿ ಮಜ್ಜಿಗೆ ಉಳಿದಿರುತ್ತೆ. ತಣ್ಣೀರಲ್ಲಿ ಎರಡು ಮೂರು ಸಲ ತೊಳೆದು ಚೆನ್ನಾಗಿ ಬಸಿಯಿರಿ. ಗಟ್ಟಿ ಮೊಸರು ಎರಡು ಟೇಬಲ್ ಚಮಚ ಸಾಕು. ಸೊಪ್ಪು ತೊಳೆದು ಬಟ್ಟೆ ಮೇಲೆ ಹರವಿ ಒಣಗಿಸಿ. ಮೆಣಸಿನಕಾಯಿ ರುಬ್ಬಬೇಡಿ, ಸಣ್ಣಗೆ ಹೆಚ್ಚಿ.

ಬೆಣ್ಣೆಗೆ ಎರಡು ಟೇಬಲ್ ಚಮಚ ಸಕ್ಕರೆ ಪುಡಿ ಹಾಕಿ ಬೆಳ್ಳಗಾಗುವ ತನಕ ತಿಕ್ಕಿ. ಖಾರ ಬಿಸ್ಕತ್ತಿಗೆ ಸಕ್ಕರೆ ಯಾಕೆ ಅನ್ನಬೇಡಿ, ಅಯ್ಯಂಗಾರ್ ಬೇಕರಿ ರುಚಿ ಇರೋದೇ ಆ ಸಣ್ಣ ಸಿಹಿಯಲ್ಲಿ. ಮೈದಾ ಜೊತೆ ಒಂದು ಟೀ ಚಮಚ ಉಪ್ಪು, ಅರ್ಧ ಟೀ ಚಮಚ ಬೇಕಿಂಗ್ ಪೌಡರ್ ಜರಡಿ ಹಿಡಿದು ಸೇರಿಸಿ. ಚಪಾತಿ ಹಿಟ್ಟಿನ ಹಾಗೆ ನಾದಿದರೆ ಜಿಗುಟು ಬಂದು ಬಿಸ್ಕತ್ತು ಬಿರುಸಾಗುತ್ತೆ. ಒತ್ತಿ ಕೂಡಿಸಿದರೆ ಆಯ್ತು. 20 ನಿಮಿಷ ಫ್ರಿಜ್‌ನಲ್ಲಿಟ್ಟು, 5 ಮಿಲಿಮೀಟರ್ ದಪ್ಪಕ್ಕೆ ಲಟ್ಟಿಸಿ, ಕತ್ತರಿಸಿ, ಫೋರ್ಕ್‌ನಿಂದ ಚುಚ್ಚಿ. ಚುಚ್ಚದಿದ್ದರೆ ಪೂರಿ ಥರ ಉಬ್ಬುತ್ತೆ.

200 ಡಿಗ್ರಿಯಲ್ಲಿ ಒಳಗಿನ ನೀರು ಆರುವ ಮೊದಲೇ ಮೇಲೆ ಬಣ್ಣ ಬಂದುಬಿಡುತ್ತೆ. ಓಟಿಜಿಯನ್ನು 10 ನಿಮಿಷ ಮೊದಲೇ ಕಾಯಿಸಿ, 165 ಡಿಗ್ರಿಯಲ್ಲಿ ನಡುವಿನ ಅಂತಸ್ತಿನಲ್ಲಿಟ್ಟು 20ರಿಂದ 25 ನಿಮಿಷ ಬೇಯಿಸಿ. ಅಂಚು ಕೆಂಪಾದ ಮೇಲೆ ಓಟಿಜಿ ಆಫ್ ಮಾಡಿ, ಇನ್ನೈದು ನಿಮಿಷ ಒಳಗೇ ಬಿಡಿ. ಬಿಸಿಯಲ್ಲಿ ಮುಟ್ಟಿ ನೋಡಿ ಬೆಂದಿಲ್ಲ ಅನ್ನಬೇಡಿ, ಆರಿದ ಮೇಲೇ ಗಟ್ಟಿಯಾಗೋದು.

ಮೂಡಿಗೆರೆ ಅಡುಗೆಮನೆ:
ಬೆಣ್ಣೆ ಬದಲು ತುಪ್ಪ ಹಾಕಬಹುದಾ?

ಬೆಲ್ಲದಚ್ಚು:
ಹಾಕಬಹುದು, ಆದರೆ 125 ಗ್ರಾಂ ಬೆಣ್ಣೆಯ ಜಾಗಕ್ಕೆ 100 ಗ್ರಾಂ ತುಪ್ಪ. ಹೆಪ್ಪುಗಟ್ಟಿದ ತುಪ್ಪವೇ ಆಗಬೇಕು, ಕರಗಿಸಿ ಹಾಕಿದರೆ ಟ್ರೇ ತುಂಬ ಹರಡಿಕೊಳ್ಳುತ್ತೆ. ಹಿಟ್ಟು ಕೂಡದೆ ಪುಡಿಪುಡಿ ಆದರೆ ಇನ್ನೊಂದು ಚಮಚ ಮೊಸರು. ಸೋಡಾ ಹಾಕೋದಾದರೆ ಒಂದು ಚಿಟಿಕೆ ಮಾತ್ರ, ಹೆಚ್ಚಾದರೆ ಸೋಪಿನ ವಾಸನೆ.

ಹಾಸನದ ಒಲೆ:
ಇನ್ನೊಂದು ಮಾತು. ತಂತಿ ಜಾಲರಿ ಮೇಲೆ ಆರಿಸಿ; ತಟ್ಟೆಯಲ್ಲಿ ಹರವಿದರೆ ಅಡಿಯಲ್ಲಿ ಹಬೆ ಕಟ್ಟುತ್ತೆ. ಪೂರ್ತಿ ತಣ್ಣಗಾದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ತುಂಬಿ. ನಿಮ್ಮ ಕಡೆ ಮಳೆಗಾಲದಲ್ಲಿ ಅಷ್ಟಾದರೂ ಥಂಡಿ ಹಿಡಿಯುತ್ತೆ, ಆಗ 130 ಡಿಗ್ರಿಯಲ್ಲಿ 8 ನಿಮಿಷ ಮತ್ತೆ ಕಾಯಿಸಿದರೆ ಗರಿಗರಿ.